ಅನ್ನ ಬೇಡವೆನ್ನುವ ಕಾಯಿಲೆ

ನಮ್ಮ ಕಾಸರಗೋಡಿನ ಕಡೆ ಒಬ್ಬರನ್ನೊಬ್ಬರು ಕಂಡಾಗ ಮೊದಲು ಕೇಳುವುದು "ಊಟ ಆಯಿತೋ?" ಎಂದು. ತುಳುವಿನಲ್ಲಿ ಕೇಳಿದರೂ ಅದೇ, ಮಲಯಾಳದಲ್ಲಿ ಕೇಳಿದರೂ ಅದೇ, ಮನೆಮಾತು ಯಾವುದಿದ್ದರೂ ಪ್ರಶ್ನೆ ಒಂದೇ. ಅದರ ಹಿಂದೆಯೇ ಎರಡನೆಯ ಮಾತು ಬರುತ್ತದೆ. "ಏನು, ಸಪೂರ ಆಗಿದ್ದೀರಿ!" ಇಲ್ಲವೇ "ಸ್ವಲ್ಪ ತೋರ ಆದ ಹಾಗಿದೆ." ಯಾವ ಕೆಟ್ಟ ಭಾವನೆಯೂ ಇಲ್ಲದೆ ನಾವು ಇದನ್ನು ಹೇಳುತ್ತೇವೆ. ಮದುವೆಯ ಚಪ್ಪರದಲ್ಲಿ ಹೇಳುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತೇವೆ, ಹದಿನಾಲ್ಕು ವರ್ಷದ ಹುಡುಗಿಯ ಮುಖ ನೋಡಿಯೂ ಹೇಳುತ್ತೇವೆ. ಇಂದು ನಾನು ಹೇಳಹೊರಟಿರುವುದು ಈ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುವ ಮಕ್ಕಳ ವಿಷಯ. ವೈದ್ಯರು ಈ ಕಾಯಿಲೆಯನ್ನು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ.

ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಓದಿ ಬ್ಯಾಂಕಿಗೆ ಸೇರಿ, ಕೌಂಟರಿನ ಹಿಂದೆ ಗುಮಾಸ್ತನಾಗಿಯೇ ನಿವೃತ್ತನಾದವನು. ನಮ್ಮ ಕುಟುಂಬದ ಒಂದು ಹುಡುಗಿಗೆ ಈ ಕಾಯಿಲೆ ಬಂದಿತು. ಆಗ ವೈದ್ಯರನ್ನು ಕೇಳಿ, ಸಿಕ್ಕಿದ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಔಷಧ ಹೇಳುವುದು ನನ್ನ ಕೆಲಸವಲ್ಲ. ಯಾವ ಬಾಗಿಲಿಗೆ ಹೋಗಬೇಕು, ಅಲ್ಲಿ ಏನು ನಡೆಯುತ್ತದೆ ಎಂದು ಹೇಳಬಲ್ಲೆ.

ಮೊದಲು ಹೆಸರಿನ ವಿಷಯ. ಅನೊರೆಕ್ಸಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಹಸಿವಿಲ್ಲದಿರುವುದು. ಈ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಈ ಮಕ್ಕಳಿಗೆ ಹಸಿವು ಇರುತ್ತದೆ. ಬಹಳ ಜನರಿಗೆ ಹಗಲಿರುಳು ಊಟದ್ದೇ ಯೋಚನೆ. ಆದರೆ ತಿಂದರೆ ತೋರ ಆಗುತ್ತೇನೆ ಎಂಬ ಭಯ ಹಸಿವಿಗಿಂತ ದೊಡ್ಡದಾಗಿ ಬೆಳೆದಿರುತ್ತದೆ. ದೇಹ ಕಡ್ಡಿಯಂತಾದರೂ ಆ ಭಯ ಇಳಿಯುವುದಿಲ್ಲ.

ಇದು ಇತ್ತೀಚಿನ ಸಿನೆಮಾ, ಮೊಬೈಲುಗಳಿಂದ ಹುಟ್ಟಿದ ಕಾಯಿಲೆ ಎಂದು ನೀವು ತಿಳಿದಿರಬಹುದು. ಹಾಗಲ್ಲ. 1873ರಲ್ಲಿ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಇದನ್ನು ಅಲ್ಲಿನ ವೈದ್ಯರ ಸಭೆಯ ಮುಂದೆ ವಿವರಿಸಿದರು. ಈಗಿನ ಹೆಸರು ಅವರೇ ಇಟ್ಟದ್ದು. ಅದೇ ವರ್ಷ ಪ್ಯಾರಿಸಿನಲ್ಲಿ ಶಾರ್ಲ್ ಲಾಸೆಗ್ ಎಂಬ ವೈದ್ಯರೂ ಇದೇ ಕಾಯಿಲೆಯ ಬಗ್ಗೆ ಬರೆದರು. ಲಾಸೆಗ್ ಮನೆಯವರನ್ನೂ ಗಮನಿಸಿ ನೋಡಿದ್ದರು. ಮನೆಯವರ ಕೈಯಲ್ಲಿ ಎರಡೇ ಉಪಾಯ, ಒಂದು ಅಂಗಲಾಚುವುದು, ಇನ್ನೊಂದು ಗದರಿಸುವುದು. ಎರಡೂ ಬೇಗ ಮುಗಿದುಹೋಗುತ್ತವೆ ಎಂಬುದು ಅವರ ಮಾತಿನ ತಾತ್ಪರ್ಯ. ನೂರೈವತ್ತು ವರ್ಷಗಳ ಹಿಂದೆ ಪ್ಯಾರಿಸಿನ ಮನೆಗಳಲ್ಲಿ ನಡೆದದ್ದೇ ಇಂದು ನಮ್ಮ ಅಡುಗೆಮನೆಗಳಲ್ಲಿಯೂ ನಡೆಯುತ್ತದೆ. ಗಲ್ ಅವರಂತೂ ರೋಗಿಯ ಆರೈಕೆಗೆ ಬಂಧುಗಳು ಸರಿಯಾದವರಲ್ಲ ಎಂದೇ ತಿಳಿದಿದ್ದರು. ಈ ಅಭಿಪ್ರಾಯ ಆಮೇಲೆ ಹೇಗೆ ಬದಲಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಕನ್ನಡಿಯ ವಿಷಯ. ಒಣಗಿದ ಮೈಯನ್ನು ಕನ್ನಡಿಯಲ್ಲಿ ನೋಡಿಯೂ "ನಾನು ತೋರ" ಎಂದು ಒಬ್ಬಳು ಹೇಳುವುದು ಹೇಗೆ? ಹಠವೇ, ನಾಟಕವೇ? ನಾವೆಲ್ಲ ನಮ್ಮ ದೇಹದ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಇದಕ್ಕೆ ದೇಹಬಿಂಬ ಎನ್ನುತ್ತಾರೆ. ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಲೆಡ್ಜರಿನಲ್ಲಿರುವ ಬಾಕಿ ಒಂದು, ಪಾಸ್ ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಎಂದಿಟ್ಟುಕೊಳ್ಳಿ. ಗ್ರಾಹಕ ನಂಬುವುದು ತನ್ನ ಕೈಯಲ್ಲಿರುವ ಪಾಸ್ ಪುಸ್ತಕವನ್ನೇ. ಈ ಕಾಯಿಲೆಯಲ್ಲಿ ಮನಸ್ಸಿನ ಪಾಸ್ ಪುಸ್ತಕದ ಬರಹ ತಪ್ಪಾಗಿರುತ್ತದೆ. ಆ ಮಗು ಸುಳ್ಳು ಹೇಳುತ್ತಿಲ್ಲ. ತಾನು ಕಂಡದ್ದನ್ನೇ ಹೇಳುತ್ತಿದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. 1973ರಲ್ಲಿ ಲಂಡನ್ನಿನಲ್ಲಿ ಸ್ಲೇಡ್ ಮತ್ತು ರಸೆಲ್ ಎಂಬಿಬ್ಬರು, ಕತ್ತಲೆ ಕೋಣೆಯಲ್ಲಿ ಎರಡು ದೀಪಗಳನ್ನು ಹತ್ತಿರ ದೂರ ಸರಿಸಿ, "ನಿಮ್ಮ ಸೊಂಟದ ಅಗಲ ಎಷ್ಟು ತೋರಿಸಿ" ಎಂದು ರೋಗಿಗಳನ್ನು ಕೇಳಿದರು. ರೋಗಿಗಳು ತೋರಿಸಿದ ಅಗಲ ನಿಜವಾದ ಅಗಲಕ್ಕಿಂತ ಬಹಳ ಹೆಚ್ಚಿತ್ತು. 2013ರಲ್ಲಿ ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್‌ನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಬೇರೆ ಬೇರೆ ಅಗಲದ ಬಾಗಿಲುಗಳ ಮೂಲಕ ರೋಗಿಗಳನ್ನು ನಡೆದುಹೋಗುವಂತೆ ಹೇಳಿದರು. ಧಾರಾಳ ಜಾಗವಿದ್ದ ಬಾಗಿಲಿನಲ್ಲಿಯೂ ಅವರು ಹೆಗಲು ಓರೆ ಮಾಡಿಕೊಂಡು ದಾಟುತ್ತಿದ್ದರು. ಕಣ್ಣು ಮಾತ್ರವಲ್ಲ, ಕಾಲು ಹೆಗಲುಗಳೂ ಮೈ ದೊಡ್ಡದಿದೆ ಎಂದೇ ನಂಬಿದ್ದವು. ಹಾಗಿರುವಾಗ "ಕನ್ನಡಿ ನೋಡು, ಎಲುಬು ಕಾಣುತ್ತಿದೆ" ಎಂದು ನಾವು ನೂರು ಸಲ ಹೇಳಿದರೆ ಫಲವೇನು?

ಈ ದೇಹಬಿಂಬದ ದೋಷವನ್ನು ಕಾಯಿಲೆಯ ನಡುಮಧ್ಯಕ್ಕೆ ತಂದು ನಿಲ್ಲಿಸಿದವರು ಹಿಲ್ಡೆ ಬ್ರುಕ್ ಎಂಬ ಮಹಿಳೆ. ಜರ್ಮನಿಯಲ್ಲಿ 1904ರಲ್ಲಿ ಹುಟ್ಟಿದ ಯೆಹೂದಿ ವೈದ್ಯೆ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ ಮನೋವೈದ್ಯೆಯಾದರು. 1962ರಲ್ಲಿ ಅವರು ಮೂರು ಲಕ್ಷಣಗಳನ್ನು ಹೇಳಿದರು. ಒಂದು, ತನ್ನ ಮೈಯ ಚಿತ್ರವೇ ತಪ್ಪಾಗಿರುವುದು. ಎರಡು, ಹಸಿವು, ದಣಿವುಗಳಂಥ ಒಳಗಿನ ಸೂಚನೆಗಳು ಸರಿಯಾಗಿ ತಿಳಿಯದಿರುವುದು. ಮೂರು, ತನ್ನ ಕೈಯಲ್ಲಿ ಏನೂ ಇಲ್ಲ, ತಾನು ಮಾಡುವುದೆಲ್ಲ ಬೇರೆಯವರ ಇಷ್ಟಕ್ಕಾಗಿ ಎಂಬ ಕುಗ್ಗಿದ ಭಾವನೆ. ಈ ಮೂರನೆಯದು ಮುಖ್ಯ. ಕಲಿಕೆಯಲ್ಲಿ ಮುಂದು, ಎದುರು ಮಾತಾಡದ, "ಬಂಗಾರದಂಥ ಹುಡುಗಿ" ಎಂದು ಎಲ್ಲರೂ ಹೊಗಳುವ ಮಗುವಿಗೆ, ತನ್ನದೆನ್ನಲು ಉಳಿದ ಒಂದೇ ಅಧಿಕಾರ ಬಾಯಿಗೆ ಹೋಗುವ ತುತ್ತಿನ ಮೇಲೆ. ಬ್ರುಕ್ ಅವರು 1978ರಲ್ಲಿ ಬರೆದ ಪುಸ್ತಕದ ಹೆಸರೂ ಬಂಗಾರದ ಪಂಜರ ಎಂಬ ಅರ್ಥದ್ದೇ.

ಉಪವಾಸವೇ ಮನಸ್ಸನ್ನು ಕೆಡಿಸುತ್ತದೆ ಎಂಬುದಕ್ಕೂ ಒಂದು ಗಟ್ಟಿ ಸಾಕ್ಷಿ ಇದೆ. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಆರಂಭಿಸಿದರು. ಯುದ್ಧಕ್ಕೆ ಹೋಗಲೊಪ್ಪದ 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದಿದ್ದರು. ಅವರಿಗೆ 24 ವಾರಗಳ ಕಾಲ ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ತೋರ ಆಗುವ ಭಯವೇನೂ ಇರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಅವರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಒಂದೊಂದು ಊಟವನ್ನು ಗಂಟೆಗಟ್ಟಲೆ ಎಳೆದರು, ಸ್ನೇಹಿತರಿಂದ ದೂರವಾದರು, ಬೇಸರದಲ್ಲಿ ಮುಳುಗಿದರು. ಮೈ ತಣ್ಣಗಾಯಿತು, ನಾಡಿ ನಿಧಾನವಾಯಿತು. ಇದನ್ನೆಲ್ಲ 1950ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ ಪ್ರಕಟಿಸಿದರು. ಇದರಿಂದ ನಮಗೆ ತಿಳಿಯುವುದು ಇಷ್ಟು: ಹೊಟ್ಟೆಗಿಲ್ಲದ ಮಿದುಳಿಗೆ ಬುದ್ಧಿಮಾತು ಹತ್ತುವುದಿಲ್ಲ. ಆದ್ದರಿಂದ ಮೊದಲು ಆಹಾರ, ಅದರ ಜೊತೆಯಲ್ಲಿ ಮಾತು.

ದೇಹದಲ್ಲಿ ಏನಾಗುತ್ತದೆ? ಖಾತೆಗೆ ಜಮೆಯೇ ಇಲ್ಲದೆ ಬರೀ ಖರ್ಚು ಬರೆಯುತ್ತಾ ಹೋದರೆ ಮೊದಲು ಉಳಿತಾಯ ಕರಗುತ್ತದೆ, ಆಮೇಲೆ ಅವಧಿಗೆ ಮುಂಚೆ ಡೆಪಾಸಿಟ್ ಒಡೆಯಬೇಕು, ಕೊನೆಗೆ ಮನೆಯ ಚಿನ್ನ ಅಡವಿಗೆ ಹೋಗುತ್ತದೆ. ದೇಹವೂ ಹೀಗೆಯೇ. ಮೊದಲು ಕೊಬ್ಬು, ಆಮೇಲೆ ಸ್ನಾಯು, ಅದರಲ್ಲಿ ಹೃದಯದ ಸ್ನಾಯುವೂ ಸೇರಿತು, ಮತ್ತೆ ಎಲುಬಿನ ಸುಣ್ಣ. ಮುಟ್ಟು ನಿಲ್ಲುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು. ಅಮೆರಿಕದ ಪ್ರಸಿದ್ಧ ಗಾಯಕಿ ಕರೆನ್ ಕಾರ್ಪೆಂಟರ್ ಈ ಕಾಯಿಲೆಯ ಪರಿಣಾಮದಿಂದ 1983ರ ಫೆಬ್ರವರಿ 4ರಂದು ತೀರಿಕೊಂಡಾಗ ಅವರಿಗೆ 32 ವರ್ಷ. ಜಗತ್ತಿನ ಬಹಳ ಮನೆಗಳಿಗೆ ಈ ಕಾಯಿಲೆಯ ಹೆಸರು ತಿಳಿದದ್ದು ಅಂದೇ.

ಇಲ್ಲಿ ಒಂದು ಎಚ್ಚರಿಕೆ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಗೇ ತುಂಬಾ ಉಣ್ಣಿಸಬಾರದು. ರಕ್ತದ ಲವಣಗಳು, ಮುಖ್ಯವಾಗಿ ಫಾಸ್ಫೇಟ್, ಥಟ್ಟನೆ ಇಳಿದು ಪ್ರಾಣಾಪಾಯವಾಗಬಹುದು. ಬಹಳ ಇಳಿದುಹೋದ ಮಗುವಿಗೆ ಊಟ ಶುರುಮಾಡುವುದು ವೈದ್ಯರ ಕಣ್ಣೆದುರಿನಲ್ಲಿ, ರಕ್ತ ಪರೀಕ್ಷೆಯ ಜೊತೆಯಲ್ಲಿ ಆಗಬೇಕು.

ಇನ್ನು ಮನೋಚಿಕಿತ್ಸೆ. ಬಂಧುಗಳನ್ನು ದೂರವಿಡಬೇಕೆಂಬ ಹಳೆಯ ಅಭಿಪ್ರಾಯವನ್ನು ತಿರುವುಮುರುವು ಮಾಡಿದ್ದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆ. 1987ರಲ್ಲಿ ರಸೆಲ್ ಮತ್ತು ಅವರ ಜೊತೆಯವರು 80 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆಸ್ಪತ್ರೆಯಲ್ಲಿ ತೂಕ ಏರಿಸಿ ಮನೆಗೆ ಕಳಿಸಿದ ಮೇಲೆ ಕೆಲವರಿಗೆ ಕುಟುಂಬದ ಜೊತೆ ಚಿಕಿತ್ಸೆ, ಉಳಿದವರಿಗೆ ಒಬ್ಬೊಬ್ಬರಿಗೇ ಚಿಕಿತ್ಸೆ. 19 ವರ್ಷದೊಳಗೆ ಕಾಯಿಲೆ ಶುರುವಾಗಿ ಇನ್ನೂ ಮೂರು ವರ್ಷ ದಾಟದವರಲ್ಲಿ ಕುಟುಂಬ ಚಿಕಿತ್ಸೆಯೇ ಮೇಲಾಗಿ ಕಂಡಿತು. 2010ರಲ್ಲಿ ಅಮೆರಿಕದಲ್ಲಿ 121 ಹದಿಹರೆಯದವರ ಮೇಲೆ ಇನ್ನೊಂದು ಅಧ್ಯಯನ ಬಂತು. ಚಿಕಿತ್ಸೆ ಮುಗಿದು ಒಂದು ವರ್ಷದ ಮೇಲೆ ನೋಡಿದಾಗ ಕುಟುಂಬ ಚಿಕಿತ್ಸೆಯವರಲ್ಲಿ ಶೇಕಡ 49 ಮಂದಿ ಪೂರ್ಣ ಗುಣ ಕಂಡಿದ್ದರು. ಒಬ್ಬೊಬ್ಬರಿಗೇ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇಕಡ 23. ಈ ಲೆಕ್ಕವನ್ನು ಎರಡೂ ಕಡೆಯಿಂದ ಓದಬೇಕು. ಅರ್ಧದಷ್ಟು ಮಕ್ಕಳು ಎದ್ದು ನಿಂತರು. ಉಳಿದರ್ಧಕ್ಕೆ ಇನ್ನೂ ಕಾಲ ಬೇಕಾಗಿತ್ತು.

ಈ ಚಿಕಿತ್ಸೆಯಲ್ಲಿ ಮೂರು ಹಂತ. ಮೊದಲ ಹಂತದಲ್ಲಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ತಂದೆತಾಯಿ ನಿರ್ಧರಿಸುತ್ತಾರೆ. ಜ್ವರ ಬಂದ ಮಗುವಿಗೆ ಮದ್ದು ಕೊಡುವುದನ್ನು ನಾವು ಮಗುವಿನ ಇಷ್ಟಕ್ಕೆ ಬಿಡುವುದಿಲ್ಲ. ಇಲ್ಲಿ ಮದ್ದೇ ಅನ್ನ. ಎರಡನೆಯ ಹಂತದಲ್ಲಿ ಆ ಅಧಿಕಾರವನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೆ ಮರಳಿ ಕೊಡುತ್ತಾರೆ. ಮೂರನೆಯ ಹಂತದಲ್ಲಿ ವಯಸ್ಸಿಗೆ ತಕ್ಕ ಉಳಿದ ವಿಷಯಗಳು: ಓದು, ಸ್ನೇಹ, ಸ್ವಾತಂತ್ರ್ಯ. ಇದಕ್ಕೆಲ್ಲ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಇದರ ಉದ್ದಕ್ಕೂ ಎರಡು ನಿಯಮ. ತಂದೆತಾಯಿಯನ್ನು ಕಾಯಿಲೆಗೆ ಹೊಣೆ ಮಾಡಬಾರದು. ಕಾಯಿಲೆ ಬೇರೆ, ಮಗು ಬೇರೆ ಎಂದು ಕಾಣಬೇಕು. ಮೊದಲ ನಿಯಮಕ್ಕೆ ವಿಜ್ಞಾನದ ಆಧಾರವೂ ಇದೆ. 2019ರಲ್ಲಿ ಸುಮಾರು 17 ಸಾವಿರ ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಈ ಕಾಯಿಲೆಗೆ ಸಂಬಂಧಪಟ್ಟ 8 ಜಾಗಗಳನ್ನು ಗುರುತಿಸಿದ್ದಾರೆ. ಬಡಿಸಿದ ಕೈಯನ್ನು ಬೈದು ಪ್ರಯೋಜನವಿಲ್ಲ.

ದೊಡ್ಡವರಿಗೆ ಬೇರೆ ಕ್ರಮವಿದೆ. ಇಂಗ್ಲೆಂಡಿನ ಫೇರ್‌ಬರ್ನ್ ಎಂಬ ಮನೋವೈದ್ಯರು ರೂಪಿಸಿದ ಚಿಕಿತ್ಸೆಯಲ್ಲಿ ರೋಗಿಯ ಕೈಗೆ ಕಾಗದ ಕೊಟ್ಟು ಒಂದು ವೃತ್ತ ಬರೆಯಿಸುತ್ತಾರೆ. ನಿಮ್ಮ ಬೆಲೆಯನ್ನು ನೀವು ಯಾವುದರಿಂದ ಅಳೆಯುತ್ತೀರಿ? ಓದಿನಿಂದಲೇ, ಕೆಲಸದಿಂದಲೇ, ಸ್ನೇಹದಿಂದಲೇ, ಹಾಡಿನಿಂದಲೇ? ಒಂದೊಂದಕ್ಕೂ ಒಂದೊಂದು ಪಾಲು ಗೆರೆ ಎಳೆಯಬೇಕು. ಈ ರೋಗಿಗಳ ವೃತ್ತದಲ್ಲಿ ದೊಡ್ಡ ಪಾಲನ್ನು ತೂಕ ಮತ್ತು ಮೈಮಾಟವೇ ಆಕ್ರಮಿಸಿರುತ್ತದೆ. ಇದ್ದ ಹಣವನ್ನೆಲ್ಲ ಒಂದೇ ಕಂಪೆನಿಯ ಷೇರಿಗೆ ಹಾಕಿದವನ ಹಾಗೆ. ಚಿಕಿತ್ಸೆ ಎಂದರೆ ಉಳಿದ ಪಾಲುಗಳನ್ನು ಬೆಳೆಸುವುದು. ಅದರ ಜೊತೆಗೆ ದಿನಕ್ಕೆ ಹತ್ತು ಸಲ ಕನ್ನಡಿ ನೋಡುವುದು, ಚರ್ಮ ಚಿವುಟಿ ಅಳೆಯುವುದು, ಮೇಲಿಂದ ಮೇಲೆ ತೂಕ ನೋಡುವುದು, ಇವನ್ನೆಲ್ಲ ಪಟ್ಟಿ ಮಾಡಿ ಕ್ರಮೇಣ ಬಿಡಿಸುತ್ತಾರೆ. "ನನಗೆ ತೋರ ಅನಿಸುತ್ತಿದೆ" ಎಂದಾಗ, ಈಗ ನಿಜವಾಗಿ ಅನಿಸುತ್ತಿರುವುದು ಏನು, ಬೇಸರವೇ, ಸಿಟ್ಟೇ, ಹೆದರಿಕೆಯೇ ಎಂದು ಹುಡುಕಿಸುತ್ತಾರೆ. ದೇಹಬಿಂಬ ತಿದ್ದಿಕೊಳ್ಳುವುದು ಎಲ್ಲಕ್ಕಿಂತ ನಿಧಾನ. ತೂಕ ಏರಿದ ಮೇಲೂ ಬಹಳ ಕಾಲ ಕನ್ನಡಿ ಸುಳ್ಳು ಹೇಳುತ್ತಲೇ ಇರುತ್ತದೆ.

ನಮ್ಮ ಕುಟುಂಬದ ಆ ಹುಡುಗಿ ನನ್ನ ತಂಗಿಯ ಮೊಮ್ಮಗಳು. ಹತ್ತನೆಯ ತರಗತಿಯಲ್ಲಿದ್ದಳು. ಮೊದಲು ಸಿಹಿ ಬಿಟ್ಟಳು, ಆಮೇಲೆ ಎಣ್ಣೆಯದ್ದು, ಆಮೇಲೆ ಅನ್ನ. ಮನೆಯವರಿಗೆಲ್ಲ ತಾನೇ ಅಡುಗೆ ಮಾಡಿ ಬಡಿಸುವಳು, ತಾನು ಮಾತ್ರ ಶಾಲೆಯಲ್ಲಿ ತಿಂದೆ ಎನ್ನುವಳು. ಒಂದು ಮದುವೆಯಲ್ಲಿ ನಾಲ್ಕು ಮಂದಿ ಹೆಂಗಸರು "ಸಪೂರ ಆಗಿ ಎಷ್ಟು ಚಂದ ಕಾಣುತ್ತಿ!" ಎಂದು ಮೆಚ್ಚಿದರು. ಬೇಸಗೆಯ ನಡುವೆಯೂ ಅವಳು ಸ್ವೆಟರ್ ಹಾಕಿಕೊಂಡಾಗ ಅವಳ ತಾಯಿಗೆ ಅನುಮಾನ ಬಂತು.

ಮೊದಲು ಹತ್ತಿರದ ಊರಿನ ಒಬ್ಬ ಸಮಾಲೋಚಕಿಯ ಹತ್ತಿರ ಕರೆದುಕೊಂಡು ಹೋದರು. ಒಳ್ಳೆಯ ಹೆಂಗಸು, ಆದರೆ ಅವರಿಗೆ ಮಲಯಾಳ ಮಾತ್ರ ಗೊತ್ತು. ಹುಡುಗಿಗೂ ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುವಷ್ಟು ಮಲಯಾಳ ಬರುತ್ತದೆ. ಏನು ಕೇಳಿದರೂ "ಕುಳಪ್ಪಂ ಇಲ್ಲ" ಎಂದಳು. ತೊಂದರೆ ಇಲ್ಲ ಎಂದು ಅದರ ಅರ್ಥ. ಆಮೇಲೆ ತಲಪಾಡಿ ದಾಟಿ ಮಂಗಳೂರಿಗೆ ಹೋದರು. ಅಲ್ಲಿನ ವೈದ್ಯೆ ಕನ್ನಡದಲ್ಲಿ ಕೇಳಿದರು. ಮೂರನೆಯ ಭೇಟಿಯಲ್ಲಿ ಹುಡುಗಿ ಬಾಯಿಬಿಟ್ಟಳು: "ಒಂದು ತುತ್ತು ತಿಂದರೆ ಒಳಗಿನಿಂದ ಯಾರೋ ಬೈಯುತ್ತಾರೆ." ಈ ಮಾತು ಸಂತೆಯ ಭಾಷೆಯಲ್ಲಿ ಬರುವುದಿಲ್ಲ ಕೇಳುಗರೇ, ಮನೆಯ ಭಾಷೆಯಲ್ಲಿ ಮಾತ್ರ ಬರುತ್ತದೆ. ಮುರಿದ ಕೈಗೆ ಪಟ್ಟಿ ಕಟ್ಟಲು ಭಾಷೆ ಬೇಕಾಗಿಲ್ಲ. ಮನೋಚಿಕಿತ್ಸೆಗೆ ಮಾತೇ ಮದ್ದು. ಗಡಿಯಲ್ಲಿರುವ ನಮಗೆ ಕನ್ನಡ ಬೇಕು ಎನ್ನುವುದು ಬೋರ್ಡಿಗೂ ಅರ್ಜಿ ಫಾರ್ಮಿಗೂ ಮಾತ್ರವಲ್ಲ, ಇದಕ್ಕೂ ಬೇಕು.

ಆಮೇಲೆ ಒಂದು ವರ್ಷ ಆ ಮನೆಯಲ್ಲಿ ಊಟವೇ ಕೆಲಸ. ತಂದೆ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಬಟ್ಟಲಿನ ಗಂಜಿ ಮುಗಿಯಲು ಒಂದೂವರೆ ಗಂಟೆ ಹಿಡಿದ ದಿನಗಳಿದ್ದವು. ಅವಳು ಬಟ್ಟಲು ದೂಡಿದಾಗ ಅವನು, "ಮಗಳೇ, ಬೇಡ ಎನ್ನುವುದು ನೀನಲ್ಲ, ಕಾಯಿಲೆ. ನಾನು ಕಾಯುತ್ತೇನೆ" ಎನ್ನುತ್ತಿದ್ದ. ಕೂಗಲಿಲ್ಲ, ಕಾಲು ಹಿಡಿಯಲೂ ಇಲ್ಲ. ಲಾಸೆಗ್ ಹೇಳಿದ ಎರಡು ಉಪಾಯಗಳಲ್ಲದ ಮೂರನೆಯದು ಇದು. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಊಟ ಮಾಡುತ್ತಾಳೆ. ಫೋಟೋ ತೆಗೆಯುವಾಗ ಈಗಲೂ ಹಿಂದೆ ಸರಿದು ನಿಲ್ಲುತ್ತಾಳೆ. ತಿಂಗಳಿಗೊಮ್ಮೆ ವೈದ್ಯೆಯ ಭೇಟಿ ತಪ್ಪಿಸುವುದಿಲ್ಲ.

ಕಾಯಿಲೆ ಹಳೆಯದಾದರೂ ಕಾಲವೂ ಅದಕ್ಕೆ ನೀರೆರೆಯುತ್ತದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ಮೈಕೈ ತುಂಬಿದವರೇ ಚಂದ ಎಂಬ ಭಾವನೆ ಇತ್ತು. 1995ರಲ್ಲಿ ಅಲ್ಲಿನ ನದ್ರೋಗ ಎಂಬ ಪ್ರದೇಶಕ್ಕೆ ಟೆಲಿವಿಷನ್ ಬಂತು. ಅಮೆರಿಕದ ಆನ್ ಬೆಕರ್ ಎಂಬವರು ಆಗ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲೆಯ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ಶೇಕಡ 11ರಷ್ಟಾದರು. ಈಗ ಆ ಪೆಟ್ಟಿಗೆ ಮಕ್ಕಳ ಅಂಗೈಯಲ್ಲಿಯೇ ಇದೆ.

ನಮ್ಮ ದೇಶದ ಕಾಯಿಲೆಗೆ ಒಂದು ಬೇರೆ ಮುಖವೂ ಉಂಟು. 1995ರಲ್ಲಿ ದೆಹಲಿಯ ಮನೋವೈದ್ಯರು ಐವರು ಯುವತಿಯರ ವಿವರ ಪ್ರಕಟಿಸಿದರು. ಅವರು ಊಟ ಬಿಟ್ಟಿದ್ದರು, ಸೊರಗಿದ್ದರು. ಆದರೆ ತೋರ ಆಗುವ ಭಯವಾಗಲೀ ದೇಹಬಿಂಬದ ದೋಷವಾಗಲೀ ಅವರಲ್ಲಿ ಕಂಡುಬರಲಿಲ್ಲ. ಆದ್ದರಿಂದ "ನಮ್ಮ ಹುಡುಗಿ ತೋರ ಸಪೂರ ಎನ್ನುವುದಿಲ್ಲ, ಹೊಟ್ಟೆ ಉಬ್ಬರ ಎನ್ನುತ್ತಾಳೆ, ಅಷ್ಟೇ" ಎಂದು ನೀವು ಸುಮ್ಮನಿರಬೇಡಿ. ಗಂಡುಮಕ್ಕಳಿಗೆ ಬರುವುದಿಲ್ಲ ಎಂದೂ ತಿಳಿಯಬೇಡಿ, ಅವರಿಗೂ ಬರುತ್ತದೆ.

ನೀವು ಗಮನಿಸಬೇಕಾದವು ಇವು. ಕೆಲವೇ ತಿಂಗಳಲ್ಲಿ ಮೈ ಇಳಿಯುವುದು, ಪಂಕ್ತಿಯಲ್ಲಿ ಕೂರಲು ನೆಪ ಹೇಳುವುದು, ಊಟದ ಕೂಡಲೇ ಬಚ್ಚಲಿಗೆ ಹೋಗುವುದು, ಕದ್ದು ವ್ಯಾಯಾಮ ಮಾಡುವುದು, ಸದಾ ಚಳಿ, ಕೂದಲು ಉದುರುವುದು, ಮುಟ್ಟು ನಿಲ್ಲುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕಾಯಬೇಡಿ. ತಲೆಸುತ್ತಿ ಬಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಉಳಿದಂತೆ ಮೊದಲು ನಿಮ್ಮ ಗುರುತಿನ ವೈದ್ಯರಲ್ಲಿ ನಾಡಿ, ರಕ್ತದೊತ್ತಡ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಮನೋವೈದ್ಯರ ಹತ್ತಿರ ಹೋಗಿ. ಹೋಗುವ ಮೊದಲು ಫೋನು ಮಾಡಿ, ಕನ್ನಡ ಬಲ್ಲವರು ಇದ್ದಾರೆಯೇ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಬ್ಯಾಂಕಿನವನಾಗಿ ಇನ್ನೊಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ವಿಮಾ ಕಂಪೆನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕು. ನಿಮ್ಮ ಪಾಲಿಸಿಯ ಕಾಗದ ತೆಗೆದು ಓದಿ, ಏಜೆಂಟರನ್ನು ಕೇಳಿ.

ಹಣ ಖರ್ಚಿಲ್ಲದೆ ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ಮುಂದಿನ ಮದುವೆಗೋ ಪೂಜೆಗೋ ಹೋದಾಗ ಬೆಳೆಯುವ ಮಕ್ಕಳ ಮೈ ನೋಡಿ ಮಾತಾಡಬೇಡಿ, ಹೊಗಳಲೂ ಬೇಡಿ. ಯಾವ ಪುಸ್ತಕ ಓದುತ್ತಿ, ಯಕ್ಷಗಾನ ಕಲಿಯುವುದು ಎಲ್ಲಿಗೆ ಬಂತು, ಗೆಳತಿಯರು ಹೇಗಿದ್ದಾರೆ ಎಂದು ಕೇಳಿ. ಆ ವೃತ್ತದ ಬೇರೆ ಪಾಲುಗಳು ಬೆಳೆಯುವುದು ಇಂಥ ಮಾತುಗಳಿಂದಲೇ.